ಒಂದು ಮಗುವಿನ ಕೈಗಾಗಿ

(ತುಮಕೂರಿನ ಮಸೀದಿಯೊಂದರಲ್ಲಿ ನೀಡಿದ ಜುಮಾ ಪ್ರವಚನದ ಸಾರಾಂಶ)



ಸರ್ವಸ್ತುತಿಯೂ ಸರ್ವಲೋಕಗಳ ಪಾಲಕನಾದ ಅಲ್ಲಾಹನಿಗೆ. ಅವನ ಅಂತಿಮ ಸಂದೇಶವಾಹಕರಾದ ಮುಹಮ್ಮದ್ ಮುಸ್ತಫಾ(ಸ)ರ ಮೇಲೂ ಅವರ ಕುಟುಂಬದ ಮೇಲೂ ಸಹಾಬಿಗಳ ಮೇಲೂ ಅವನ ಕೃಪೆ ಮತ್ತು ಶಾಂತಿ ಇರಲಿ. ನಮಗೂ ನಿಮಗೂ ಮೊದಲ ಉಪದೇಶ ತಕ್ವಾದ್ದು. ಅಲ್ಲಾಹನನ್ನು ಭಯಪಡೋಣ, ಅವನು ನಮಗೆ ಒಪ್ಪಿಸಿದ ಅಮಾನತ್‌ಗಳ ಬಗ್ಗೆ ಎಚ್ಚರವಾಗಿರೋಣ.

ಈ ದಿನ ನಿಮ್ಮ ಮುಂದೆ ಒಂದು ಮಗುವಿನ ವಿಷಯ ಇಡುತ್ತಿದ್ದೇವೆ. ಐದು ತಿಂಗಳು ತುಂಬುತ್ತಿರುವ ಗಂಡುಮಗು. ತಂದೆಯ ಊರು ಗುಬ್ಬಿ ಕಡೆ, ತಾಯಿಯ ತವರು ಕುಣಿಗಲ್ ಕಡೆ. ತಂದೆ ನಮ್ಮದೇ ಊರಿನಲ್ಲಿ ಬಾಡಿಗೆಯ ಲಗೇಜ್ ಆಟೋ ಓಡಿಸುತ್ತಾರೆ. ಮಂಡಿಪೇಟೆಯಲ್ಲಿ ಮೂಟೆ ಇಳಿಸಿ, ಜುಮಾದ ಹೊತ್ತಿಗೆ ಕೈಕಾಲು ತೊಳೆದು ಹಿಂದಿನ ಸಫ್‌ನಲ್ಲಿ ಬಂದು ನಿಲ್ಲುವವರಲ್ಲಿ ಅವರೂ ಒಬ್ಬರು. ಹೆಸರು ಹೇಳುವುದಿಲ್ಲ. ಯಾಕೆ ಹೇಳುವುದಿಲ್ಲ ಎಂಬುದನ್ನು ಮುಂದೆ ಹೇಳುತ್ತೇವೆ.

ಆ ಕೈಗೆ ಏನಾಗಿದೆ?

ಹೆರಿಗೆಯ ಸಮಯದಲ್ಲಿ ಮಗುವಿನ ತಲೆ ಹೊರಗೆ ಬಂತು, ಭುಜ ತಾಯಿಯ ಸೊಂಟದ ಮೂಳೆಯ ಹಿಂದೆ ಸಿಕ್ಕಿಕೊಂಡಿತು. ಅಂಥ ಹೊತ್ತಿನಲ್ಲಿ ಕೆಲವೇ ನಿಮಿಷಗಳಲ್ಲಿ ಮಗುವನ್ನು ಹೊರತೆಗೆಯದಿದ್ದರೆ ಉಸಿರಿಗೇ ಅಪಾಯ. ಆ ಎಳೆತದಲ್ಲಿ ಕುತ್ತಿಗೆಯಿಂದ ತೋಳಿಗೆ ಹೋಗುವ ನರಗಳು ಜಗ್ಗಿದವು. ಕುತ್ತಿಗೆಯ ಬಳಿ ಬೆನ್ನುಹುರಿಯಿಂದ ಐದು ನರಗಳು ಹೊರಟು, ಒಂದಕ್ಕೊಂದು ಹೆಣೆದುಕೊಂಡು ಇಡೀ ಕೈಗೆ ಶಕ್ತಿ ಕೊಡುತ್ತವೆ. ಮೇಲಿನ ನರಗಳಿಗೆ ಪೆಟ್ಟಾದರೆ ಭುಜ ಎತ್ತಲು, ಮೊಣಕೈ ಮಡಚಲು ಆಗುವುದಿಲ್ಲ. ಕೈ ಒಳಕ್ಕೆ ತಿರುಗಿ ಜೋತು ಬೀಳುತ್ತದೆ. ವೈದ್ಯರು ಇದನ್ನು ಎರ್ಬ್ಸ್ ಪಾಲ್ಸಿ ಎನ್ನುತ್ತಾರೆ.

ಇದರಲ್ಲಿ ಅಲ್ಲಾಹನ ಕರುಣೆಯ ಒಂದು ಮಾತೂ ಇದೆ. ಇಂಥ ಮಕ್ಕಳಲ್ಲಿ ಹೆಚ್ಚಿನವರು ವ್ಯಾಯಾಮದಿಂದಲೇ ಕೆಲವು ವಾರ, ಕೆಲವು ತಿಂಗಳುಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ನರ ಬರೀ ಜಗ್ಗಿದ್ದರೆ ತಾನೇ ಸರಿಹೋಗುತ್ತದೆ. ಹರಿದಿದ್ದರೆ ಹೋಗುವುದಿಲ್ಲ. ಮೂರು ತಿಂಗಳಾದರೂ ಮಗು ಮೊಣಕೈ ಮಡಚದಿದ್ದರೆ ತಜ್ಞರು ಶಸ್ತ್ರಚಿಕಿತ್ಸೆಯ ಯೋಚನೆ ಮಾಡುತ್ತಾರೆ. ಸಾಮಾನ್ಯವಾಗಿ ಮೂರರಿಂದ ಒಂಬತ್ತು ತಿಂಗಳ ಒಳಗೆ ಅದು ಆಗಬೇಕು. ಕಾಲಿನಿಂದ ಒಂದು ನರ ತೆಗೆದು, ಹರಿದ ಜಾಗಕ್ಕೆ ಸೇತುವೆಯ ಹಾಗೆ ಜೋಡಿಸುತ್ತಾರೆ. ತಡವಾದಷ್ಟೂ ಕೈಯ ಸ್ನಾಯುಗಳು ಸೊರಗುತ್ತವೆ. ಆಮೇಲೆ ನರ ಜೋಡಿಸಿದರೂ ಪ್ರಯೋಜನ ಕಡಿಮೆ. ಅಂದರೆ ಇದು ಮುಂದಿನ ರಮಝಾನ್‌ವರೆಗೆ ಕಾಯಬಹುದಾದ ವಿಷಯವಲ್ಲ.

ನಮ್ಮ ತಪ್ಪನ್ನು ಮೊದಲು ಹೇಳುತ್ತೇವೆ

ಸಹೋದರರೇ, ನಿಮ್ಮಿಂದ ಹಣ ಕೇಳುವ ಮೊದಲು ನಮ್ಮ ಲೆಕ್ಕ ಒಪ್ಪಿಸಬೇಕು. ಈ ಮಗುವಿಗೆ ನಲವತ್ತು ದಿನ ತುಂಬಿದಾಗ ಅದರ ಅಜ್ಜಿ, ತಾಯಿಯ ತಾಯಿ, ಮಗುವನ್ನು ನಮ್ಮ ಬಳಿ ತಂದಿದ್ದರು. "ಹಜರತ್, ಈ ಕೈ ಆಡಿಸ್ತಾ ಇಲ್ಲ, ದುವಾ ಮಾಡಿ" ಎಂದರು. ನಾವು ಓದಿ ಊದಿದೆವು, ನೀರು ಕೊಟ್ಟೆವು. "ಇನ್ನೂ ಹಸುಗೂಸು ಅಮ್ಮಾ, ಇನ್‌ಷಾ ಅಲ್ಲಾಹ್ ಸರಿಹೋಗುತ್ತೆ" ಎಂದು ಕಳಿಸಿದೆವು. ಯಾವ ಡಾಕ್ಟರಿಗೆ ತೋರಿಸಿದ್ದೀರಿ, ಏನು ಹೇಳಿದರು ಎಂದು ಕೇಳಲಿಲ್ಲ. ಇಮಾಮ್ ಸಾಹೇಬರೇ ಸರಿಹೋಗುತ್ತೆ ಎಂದ ಮೇಲೆ ಆ ಮನೆಯವರು ನಿಶ್ಚಿಂತರಾದರು. ಮಧ್ಯೆ ಯಾರೋ ಹೇಳಿದರೆಂದು ಮೂಳೆ ಕಟ್ಟುವವರ ಬಳಿ ಹೋಗಿ ಎಣ್ಣೆ ಹಾಕಿಸಿ, ಪಟ್ಟಿ ಕಟ್ಟಿಸಿದರು. ಪೆಟ್ಟಾಗಿದ್ದುದು ಮೂಳೆಗಲ್ಲ, ನರಕ್ಕೆ. ಅವರು ಮತ್ತೆ ನಮ್ಮ ಬಳಿ ಬಂದಾಗ ಮಗುವಿಗೆ ನಾಲ್ಕು ತಿಂಗಳು ದಾಟಿತ್ತು.

ದುವಾ ಮಾಡಿದ್ದು ತಪ್ಪಲ್ಲ. ದುವಾ ಮಾಡಿ ಅಷ್ಟಕ್ಕೇ ಕಳಿಸಿಬಿಟ್ಟದ್ದು ತಪ್ಪು. ಚಿಕಿತ್ಸೆ ಮಾಡಿಕೊಳ್ಳಿ, ಅಲ್ಲಾಹನು ರೋಗದ ಜೊತೆ ಔಷಧವನ್ನೂ ಇಳಿಸಿದ್ದಾನೆ ಎಂದು ಪ್ರವಾದಿವರ್ಯರು(ಸ) ಕಲಿಸಿದ್ದನ್ನು ಇದೇ ಮಿಂಬರ್‌ನಿಂದ ನಾವು ಎಷ್ಟು ಸಲ ಹೇಳಿದ್ದೇವೆ! ಒಂಟೆಯನ್ನು ಕಟ್ಟಿಯೇ ತವಕ್ಕುಲ್ ಮಾಡಬೇಕೆಂಬ ಬೋಧನೆಯನ್ನು ಮದ್ರಸಾದ ಮಕ್ಕಳಿಗೆ ಕಲಿಸುವವರು ನಾವೇ. ನಮ್ಮ ಮನೆ ಬಾಗಿಲಿಗೆ ಮಗು ಬಂದಾಗ ಒಂಟೆ ಕಟ್ಟುವುದು ಮರೆತುಹೋಯಿತು. ಆ ಕುಟುಂಬದ ಬಳಿ ಕ್ಷಮೆ ಕೇಳಿದ್ದೇವೆ. ಅಲ್ಲಾಹನಲ್ಲೂ ಕೇಳುತ್ತಿದ್ದೇವೆ. ಇನ್ನು ಮುಂದೆ ಯಾರಾದರೂ ಕಾಯಿಲೆಯ ಮಗುವನ್ನು ದುವಾಕ್ಕೆ ತಂದರೆ ಮೊದಲು ಡಾಕ್ಟರ ಚೀಟಿ ಕೇಳುತ್ತೇವೆ. ದಯವಿಟ್ಟು ಬೇಸರ ಮಾಡಿಕೊಳ್ಳಬೇಡಿ.

ತಾಯಿಯನ್ನು ದೂರಬೇಡಿ

ಆ ಮನೆಯಲ್ಲಿ ಇನ್ನೊಂದು ನೋವಿದೆ. ಬಸುರಿಯಿದ್ದಾಗ ಗ್ರಹಣದ ದಿನ ಹೊರಗೆ ಬಂದಳು, ಅದಕ್ಕೇ ಮಗುವಿನ ಕೈ ಹೀಗಾಯಿತು ಎಂದು ಆ ತಾಯಿಗೆ ಹೇಳಿದವರಿದ್ದಾರೆ. ಹೇಳಿದವರು ನಮ್ಮವರೇ, ಕಲಿಮಾ ಓದುವವರೇ.

ಪ್ರವಾದಿವರ್ಯರ(ಸ) ಪುಟ್ಟ ಮಗ ಇಬ್ರಾಹೀಮ್ ತೀರಿಕೊಂಡ ದಿನ ಸೂರ್ಯಗ್ರಹಣವಾಯಿತು. ಮಗುವಿನ ಸಾವಿಗಾಗಿಯೇ ಗ್ರಹಣ ಆಯಿತೆಂದು ಜನ ಮಾತಾಡಿಕೊಂಡರು. ಬೇರೆ ಯಾರಾದರೂ ಆಗಿದ್ದರೆ ಅದನ್ನು ತಮ್ಮ ಹಿರಿಮೆ ಎಂದು ಸುಮ್ಮನಿದ್ದುಬಿಡುತ್ತಿದ್ದರು. ಅವರು(ಸ) ಸುಮ್ಮನಿರಲಿಲ್ಲ. ಸೂರ್ಯಚಂದ್ರರು ಅಲ್ಲಾಹನ ಎರಡು ನಿದರ್ಶನಗಳು, ಯಾರ ಸಾವಿಗೂ ಯಾರ ಹುಟ್ಟಿಗೂ ಅವು ಗ್ರಹಣ ಹಿಡಿಯುವುದಿಲ್ಲ ಎಂದು ತಿದ್ದಿದರು. ಮಗನನ್ನು ಕಳೆದುಕೊಂಡ ದಿನವೂ ಜನರ ಮೂಢನಂಬಿಕೆಯನ್ನು ತಿದ್ದಿದ ಪ್ರವಾದಿಯ ಉಮ್ಮತ್ ನಾವು. ನಮ್ಮ ಮನೆಯ ಸೊಸೆಯಂದಿರ ಮೇಲೆ ಗ್ರಹಣದ ಅಪವಾದ ಹೊರಿಸುವುದು ನಮಗೆ ಒಪ್ಪುತ್ತದೆಯೇ?

ಮಗು ಗಾತ್ರದಲ್ಲಿ ದೊಡ್ಡದಿದ್ದರೆ, ತಾಯಿಗೆ ಸಕ್ಕರೆ ಕಾಯಿಲೆ ಇದ್ದರೆ ಹೀಗಾಗುವ ಸಂಭವ ಹೆಚ್ಚು. ಅದೇನೂ ಇಲ್ಲದೆಯೂ ಆಗುವುದುಂಟು. ಆದ್ದರಿಂದ ಗರ್ಭಿಣಿಯರಿಗೆ ಸಕ್ಕರೆ ಪರೀಕ್ಷೆ ತಪ್ಪಿಸಬೇಡಿ. ಮಗು ಹುಟ್ಟಿದ ಮೇಲೆ ಎರಡೂ ಕೈ, ಎರಡೂ ಕಾಲು ಒಂದೇ ರೀತಿ ಆಡುತ್ತಿವೆಯೇ ನೋಡಿ. ಸದ್ದಿಗೆ ಬೆಚ್ಚಿದಾಗ ಮಗು ಎರಡೂ ಕೈ ಚಾಚುತ್ತದೆ. ಒಂದೇ ಕೈ ಚಾಚಿದರೆ ಆವತ್ತೇ ಡಾಕ್ಟರಿಗೆ ತೋರಿಸಿ. ಈ ಮಾತನ್ನು ಮನೆಗೆ ಹೋಗಿ ಹೆಂಗಸರಿಗೆ ತಿಳಿಸಿ.

ಹೆರಿಗೆ ಮಾಡಿಸಿದವರ ತಪ್ಪಿತ್ತೇ ಎಂದು ಕೆಲವು ಯುವಕರು ಕೇಳಿದರು. ಆಸ್ಪತ್ರೆಯ ಹೆಸರು ಹೇಳಿ ಎಂದು ಒತ್ತಾಯಿಸಿದರು. ಮಿಂಬರ್ ಅದಕ್ಕಿರುವ ಜಾಗವಲ್ಲ. ಒಂದು ಕಡೆಯ ಮಾತು ಕೇಳಿ ತೀರ್ಪು ಕೊಡುವುದು ನ್ಯಾಯವೂ ಅಲ್ಲ. ಕುಟುಂಬಕ್ಕೆ ದೂರು ಇದ್ದರೆ ಕಾಗದಪತ್ರ ಸಮೇತ ಕೊಡಲು ದಾರಿಗಳಿವೆ. ಬೇಕಾದರೆ ನಮ್ಮ ವಕೀಲ ಸಹೋದರರು ಜೊತೆಗಿರುತ್ತಾರೆ. ಆ ಕೆಲಸಕ್ಕೆ ಸಮಯವಿದೆ. ಮಗುವಿನ ಕೈಗೆ ಸಮಯವಿಲ್ಲ.

ರಾಜಕುಮಾರನಿಗೆ ಸಿಗದ್ದು

ಚರಿತ್ರೆಯ ಒಂದು ಸಂಗತಿ ಹೇಳುತ್ತೇವೆ. 1859ರಲ್ಲಿ ಬರ್ಲಿನ್‌ನ ಅರಮನೆಯಲ್ಲಿ ಒಂದು ಮಗು ಹುಟ್ಟಿತು. ಇಂಗ್ಲೆಂಡಿನ ವಿಕ್ಟೋರಿಯಾ ರಾಣಿಯ ಮೊಮ್ಮಗ. ಕಷ್ಟದ ಹೆರಿಗೆಯಲ್ಲಿ ಎಡಗೈಯ ನರಗಳಿಗೆ ಪೆಟ್ಟಾಯಿತು. ದೊಡ್ಡ ದೊಡ್ಡ ವೈದ್ಯರು ಬಂದರು. ಆಗ ತಾನೇ ಕೊಂದ ಮೊಲದೊಳಗೆ ಕೈ ಇಡಿಸಿದರು, ವಿದ್ಯುತ್ ಹಾಯಿಸಿದರು. ಯಾವುದೂ ಫಲಿಸಲಿಲ್ಲ. ಆ ಮಗು ಬೆಳೆದು 1888ರಲ್ಲಿ ಜರ್ಮನಿಯ ಚಕ್ರವರ್ತಿ ಎರಡನೇ ವಿಲ್ಹೆಲ್ಮ್ ಆಯಿತು. ಎಡಗೈ ಬಲಗೈಗಿಂತ ಸುಮಾರು 15 ಸೆಂಟಿಮೀಟರ್ ಗಿಡ್ಡವಾಗಿಯೇ ಉಳಿಯಿತು. ಫೋಟೋ ತೆಗೆಸುವಾಗಲೆಲ್ಲ ಅದನ್ನು ಮರೆಮಾಡುತ್ತಿದ್ದ.

ಆ ಅರಮನೆಯಲ್ಲಿ ಹಣಕ್ಕೆ ಕೊರತೆ ಇರಲಿಲ್ಲ, ಆದರೆ ಈ ರೋಗಕ್ಕೆ ಮದ್ದು ಗೊತ್ತಿರಲಿಲ್ಲ. ಇಂದು ಮದ್ದು ಗೊತ್ತಿದೆ. ಮಾಡುವವರು ತುಮಕೂರಿನಿಂದ ಎಪ್ಪತ್ತು ಕಿಲೋಮೀಟರ್ ದೂರದ ಬೆಂಗಳೂರಿನಲ್ಲಿದ್ದಾರೆ. ಚಕ್ರವರ್ತಿಯ ಮಗನಿಗೆ ಸಿಗದ ಚಿಕಿತ್ಸೆಯನ್ನು ಅಲ್ಲಾಹನು ಆಟೋ ಚಾಲಕನ ಮಗನ ಕಾಲಕ್ಕೆ ಕರುಣಿಸಿದ್ದಾನೆ. ನಡುವೆ ಉಳಿದಿರುವುದು ಹಣ ಮಾತ್ರ, ಅದನ್ನು ನಮ್ಮ ನಿಮ್ಮ ಜೇಬಿನಲ್ಲಿಟ್ಟಿದ್ದಾನೆ. ಒಂದು ಜೀವವನ್ನು ಉಳಿಸುವುದು ಇಡೀ ಮನುಕುಲವನ್ನು ಉಳಿಸಿದಂತೆ ಎಂಬ ಸೂರಃ ಅಲ್ ಮಾಇದಃದ ಬೋಧನೆ ನಿಮಗೆಲ್ಲ ಗೊತ್ತಿದೆ. ಈ ಮಗುವಿನ ಪ್ರಾಣಕ್ಕೆ ಅಪಾಯವಿಲ್ಲ, ನಿಜ. ಆದರೆ ಕೈಯಿಂದ ದುಡಿದು ತಿನ್ನುವ ಮನೆಯಲ್ಲಿ ಹುಟ್ಟಿದ ಮಗುವಿಗೆ ಕೈ ಎಂದರೆ ಬದುಕಲ್ಲವೇ?

ಮೊದಲು ಹಕ್ಕು, ಆಮೇಲೆ ಚಂದಾ

ನಮ್ಮಲ್ಲಿ ಒಂದು ಅಭ್ಯಾಸ ಬೆಳೆದಿದೆ. ಕಾಯಿಲೆ ಎಂದ ಕೂಡಲೇ ಮಗುವಿನ ಫೋಟೋ, ಅಳುವ ತಾಯಿಯ ವಿಡಿಯೋ, ಒಂದು ಫೋನ್ ನಂಬರು ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತವೆ. ಸರಕಾರದಿಂದ ಸಿಗಬೇಕಾದ್ದನ್ನು ಯಾರೂ ವಿಚಾರಿಸುವುದಿಲ್ಲ. 2018ರಿಂದ ನಮ್ಮ ರಾಜ್ಯದಲ್ಲಿ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ಇದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ನೆರವು. ದೊಡ್ಡ ಚಿಕಿತ್ಸೆಗೆ ಮೊದಲು ಸರಕಾರಿ ಆಸ್ಪತ್ರೆಯಿಂದ ರೆಫರಲ್ ಪತ್ರ ಬೇಕು. ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಒಂದು ವರ್ಷದೊಳಗಿನ ಕಾಯಿಲೆಯ ಮಗುವಿಗೆ ಸರಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಉಚಿತ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಹುಟ್ಟಿದ ಮಗುವಿನಿಂದ 18 ವರ್ಷದವರೆಗಿನ ಮಕ್ಕಳ ತಪಾಸಣೆಗೆಂದೇ ಇದೆ. ಮುಖ್ಯಮಂತ್ರಿಗಳ ಪರಿಹಾರ ನಿಧಿಗೂ ಅರ್ಜಿ ಹಾಕಬಹುದು. ಇದು ಯಾರ ಭಿಕ್ಷೆಯೂ ಅಲ್ಲ. ಬೆಂಕಿಪೊಟ್ಟಣ ಕೊಳ್ಳುವಾಗಲೂ ತೆರಿಗೆ ಕೊಡುವ ಜನ ನಾವು.

ಈ ಕುಟುಂಬದ ರೇಷನ್ ಕಾರ್ಡಿನಲ್ಲಿ ಮಗುವಿನ ಹೆಸರೇ ಸೇರಿರಲಿಲ್ಲ, ಆಧಾರ್ ಇರಲಿಲ್ಲ. ನಮ್ಮ ಇಬ್ಬರು ಯುವಕರು ಹತ್ತು ದಿನ ಓಡಾಡಿ ಅದನ್ನು ಸರಿಮಾಡಿಸುತ್ತಿದ್ದಾರೆ. ರೆಫರಲ್ ಪತ್ರ ಸಿಕ್ಕಿದೆ. ಯೋಜನೆಯಿಂದ ಎಷ್ಟು ಮಂಜೂರಾಗುತ್ತದೆ ಎಂಬುದು ಆಸ್ಪತ್ರೆಯವರು ಕಳಿಸುವ ಉತ್ತರದಿಂದ ತಿಳಿಯಬೇಕು. ಉತ್ತರ ಬರುವವರೆಗೆ ಕೈಕಟ್ಟಿ ಕುಳಿತರೆ ಮತ್ತೆ ತಡವಾಗುತ್ತದೆ. ಆದ್ದರಿಂದ ಎರಡು ಕೆಲಸವನ್ನೂ ಒಟ್ಟಿಗೆ ಮಾಡುತ್ತಿದ್ದೇವೆ.

ಲೆಕ್ಕ ಇಷ್ಟು. ಪರೀಕ್ಷೆಗಳು, ಶಸ್ತ್ರಚಿಕಿತ್ಸೆ, ಆಸ್ಪತ್ರೆ ವಾಸಕ್ಕೆ ಕೊಟ್ಟಿರುವ ಅಂದಾಜು 2,60,000 ರೂಪಾಯಿ. ಆಮೇಲಿನ ಒಂದು ವರ್ಷದ ಫಿಸಿಯೋಥೆರಪಿ, ಕೈಗೆ ಹಾಕುವ ಪಟ್ಟಿ, ಬೆಂಗಳೂರಿಗೆ ಹೋಗಿಬರುವ ಖರ್ಚಿಗೆ 60,000. ಒಟ್ಟು 3,20,000. ತಾಯಿ ತನ್ನ ಒಡವೆ ಮಾರಿ 45,000 ತಂದಿದ್ದಾಳೆ. ತಂದೆಯ ಅಣ್ಣ 15,000 ಕೊಟ್ಟಿದ್ದಾರೆ. ಇನ್ನು ಬೇಕಾಗಿರುವುದು 2,60,000. ಸರಕಾರದಿಂದ ಎಷ್ಟು ಮಂಜೂರಾಗುತ್ತದೋ ಅಷ್ಟು ನಮ್ಮ ಭಾರ ಇಳಿಯುತ್ತದೆ.

ಫಿಸಿಯೋಥೆರಪಿಯ ಹಣವನ್ನು ಯಾಕೆ ಸೇರಿಸಿದ್ದೇವೆ ಎಂದರೆ, ಜೋಡಿಸಿದ ನರ ಬೆಳೆಯುವುದು ದಿನಕ್ಕೆ ಸುಮಾರು ಒಂದು ಮಿಲಿಮೀಟರ್. ಭುಜದಿಂದ ಮೊಣಕೈಯ ಸ್ನಾಯುವಿಗೆ ತಲುಪಲು ತಿಂಗಳುಗಳು ಹಿಡಿಯುತ್ತವೆ. ಆಪರೇಷನ್ ಆದ ಮರುವಾರ ಮಗು ಕೈ ಎತ್ತಲಿಲ್ಲವೆಂದು ನಿರಾಶರಾಗಬೇಡಿ. ಪೂರ್ತಿ ಸರಿಹೋಗುತ್ತದೆಂದು ವೈದ್ಯರೂ ಮಾತು ಕೊಟ್ಟಿಲ್ಲ. ಬಾಯಿಗೆ ತುತ್ತು ಒಯ್ಯುವಷ್ಟು, ವುಝೂ ಮಾಡುವಷ್ಟು ಶಕ್ತಿ ಬರಲಿ ಎಂಬುದು ಆ ತಾಯಿಯ ಆಸೆ.

ಮಸೀದಿಯ ಅಂಗಳದ ಎರಡು ರಾಶಿಗಳು

ಸಹೀಹ್ ಮುಸ್ಲಿಮ್‌ನಲ್ಲಿ ಹ. ಜರೀರ್ ಬಿನ್ ಅಬ್ದುಲ್ಲಾಹ್(ರ) ಹೇಳಿದ ಘಟನೆ ಇದೆ. ಒಂದು ದಿನ ಮುದರ್ ಗೋತ್ರದ ಕೆಲವರು ಹರಿದ ಬಟ್ಟೆಯಲ್ಲಿ ಮದೀನಾಕ್ಕೆ ಬಂದರು. ಅವರ ಸ್ಥಿತಿ ನೋಡಿ ಪ್ರವಾದಿವರ್ಯರ(ಸ) ಮುಖ ಬದಲಾಯಿತು. ಹ. ಬಿಲಾಲ್(ರ)ರಿಂದ ಅಝಾನ್ ಹೇಳಿಸಿ, ನಮಾಝ್ ಮಾಡಿಸಿ, ಖುತ್ಬಾ ಕೊಟ್ಟರು. ನಾಣ್ಯವಿದ್ದವರು ನಾಣ್ಯ, ಬಟ್ಟೆಯಿದ್ದವರು ಬಟ್ಟೆ, ಏನೂ ಇಲ್ಲದವರು ಅರ್ಧ ಖರ್ಜೂರವನ್ನಾದರೂ ಕೊಡಿ ಎಂದರು. ಅನ್ಸಾರ್‌ಗಳಲ್ಲಿ ಒಬ್ಬರು ಕೈಯಲ್ಲಿ ಹೊರಲಾರದಷ್ಟು ಭಾರದ ಚೀಲ ತಂದಿಟ್ಟರು. ಅವರನ್ನು ನೋಡಿ ಉಳಿದವರೂ ಎದ್ದರು. ಧಾನ್ಯದ ಒಂದು ರಾಶಿ, ಬಟ್ಟೆಯ ಒಂದು ರಾಶಿ ಆಯಿತು. ಪ್ರವಾದಿವರ್ಯರ(ಸ) ಮುಖ ಚಿನ್ನದಂತೆ ಹೊಳೆಯಿತು.

ನಾವು ಕೇಳುತ್ತಿರುವುದೂ ಅದನ್ನೇ. ಭಾರದ ಚೀಲ ತರುವವರು ತರಲಿ, ಅರ್ಧ ಖರ್ಜೂರದವರು ಅದನ್ನೇ ತರಲಿ. ಹೋದ ಮಂಗಳವಾರ ಮದ್ರಸಾದ ಒಬ್ಬ ಹುಡುಗ ಹನ್ನೊಂದು ರೂಪಾಯಿ ತಂದುಕೊಟ್ಟ. ಗುಬ್ಬಿಯ ಅಡಿಕೆ ವ್ಯಾಪಾರಿಯೊಬ್ಬರು ನಮ್ಮ ಧರ್ಮದವರಲ್ಲ, ಆಟೋ ಬಾಡಿಗೆ ಕೊಡುವ ನೆಪದಲ್ಲಿ ಆ ತಂದೆಯ ಜೇಬಿಗೆ ಐದು ಸಾವಿರ ಇಟ್ಟು, ಯಾರಿಗೂ ಹೇಳಬೇಡಿ ಎಂದರಂತೆ. ಸಿದ್ಧಗಂಗೆಯ ದಾಸೋಹ ನೋಡಿ ಬೆಳೆದ ಊರು ನಮ್ಮದು. ಜಾತಿ ಕೇಳದೆ ಅನ್ನ ಇಡುವುದು ಈ ಮಣ್ಣಿನಲ್ಲಿದೆ. ನಾಳೆ ಅವರ ಮನೆಯ ಮಗುವಿಗೆ ಕಷ್ಟ ಬಂದರೆ ನಾವೂ ಹಾಗೆಯೇ, ಹೆಸರು ಕೇಳದೆ ನಿಲ್ಲಬೇಕು.

ಲೆಕ್ಕ ಕೇಳುವುದು ನಿಮ್ಮ ಹಕ್ಕು

ಯಾರು ಕೈಚಾಚಬಹುದು ಎಂಬುದಕ್ಕೂ ನಮ್ಮ ದೀನ್‌ನಲ್ಲಿ ನಿಯಮವಿದೆ. ಹ. ಖಬೀಸಃ(ರ)ರಿಗೆ ಪ್ರವಾದಿವರ್ಯರು(ಸ) ಮೂರು ಬಗೆಯವರನ್ನು ಹೇಳಿಕೊಟ್ಟರು. ಅವರಲ್ಲಿ ಒಬ್ಬ, ಬಡತನಕ್ಕೆ ಸಿಕ್ಕಿದವನು. ಅವನ ಕಷ್ಟ ನಿಜವೆಂದು ಅವನದೇ ಜನರಲ್ಲಿ ಮೂವರು ತಿಳಿವಳಿಕೆಯುಳ್ಳವರು ಹೇಳಬೇಕು. ಅದರಂತೆ ಮೂವರನ್ನು ನೇಮಿಸಿದ್ದೇವೆ. ತುಮಕೂರಿನಿಂದ ನಮ್ಮ ಮಸೀದಿಯ ಮುತವಲ್ಲಿ ಸಾಹೇಬರು, ಗುಬ್ಬಿಯಿಂದ ಒಬ್ಬ ಶಾಲಾ ಮೇಷ್ಟ್ರು, ಕುಣಿಗಲ್‌ನಿಂದ ನಿವೃತ್ತ ನರ್ಸ್ ಒಬ್ಬರು. ಮೂವರೂ ಮನೆ ನೋಡಿ, ಡಾಕ್ಟರ ಕಾಗದ ಓದಿ ಸಹಿ ಹಾಕಿದ್ದಾರೆ.

ಇನ್ನೊಂದು ಘಟನೆ ನೆನಪಿಡಿ. ಝಕಾತ್ ವಸೂಲಿಗೆ ಹೋದ ಇಬ್ನುಲ್ಲುತ್ಬಿಯಃ ಎಂಬವರು ಮರಳಿ ಬಂದು, ಇದು ನಿಮ್ಮದು, ಇದು ನನಗೆ ಸಿಕ್ಕ ಉಡುಗೊರೆ ಎಂದರು. ಪ್ರವಾದಿವರ್ಯರು(ಸ) ಮಿಂಬರ್ ಹತ್ತಿ, ತಂದೆತಾಯಿಯ ಮನೆಯಲ್ಲಿ ಕುಳಿತಿದ್ದರೆ ಆ ಉಡುಗೊರೆ ಬರುತ್ತಿತ್ತೇ ಎಂದು ಪ್ರಶ್ನಿಸಿದರು. ಸಾರ್ವಜನಿಕರ ಹಣದಲ್ಲಿ ಒಂದು ಕಪ್ ಚಹಾವನ್ನೂ ನಾವು ಕುಡಿಯುವಂತಿಲ್ಲ. ಹಾಗಾಗಿ ಇಷ್ಟು ತೀರ್ಮಾನ ಮಾಡಿದ್ದೇವೆ:

ಹಣಕ್ಕೆ ರಸೀದಿ ಇರುತ್ತದೆ. ಆಸ್ಪತ್ರೆಯ ಬಿಲ್ಲಿಗೆ ಹಣ ನೇರವಾಗಿ ಕಟ್ಟಲಾಗುತ್ತದೆ.

ಝಕಾತ್ ಕೊಡುವವರು ಝಕಾತ್ ಎಂದೇ ಹೇಳಿ ಕೊಡಿ. ಒಡವೆ ಮಾರಿದ ಮೇಲೆ ಈ ಮನೆಯಲ್ಲಿ ನಿಸಾಬ್‌ನಷ್ಟು ಆಸ್ತಿ ಇಲ್ಲ, ಅವರು ಝಕಾತ್‌ಗೆ ಅರ್ಹರು. ಆ ಹಣವನ್ನು ತಂದೆಯ ಕೈಗೆ ಒಪ್ಪಿಸಿ, ಅವರ ಕೈಯಿಂದಲೇ ಖರ್ಚಾಗುವಂತೆ ನೋಡಿಕೊಳ್ಳುತ್ತೇವೆ. ಸದಖಾದ ಲೆಕ್ಕ ಬೇರೆ ಇರುತ್ತದೆ.

ಮಗುವಿನ ಫೋಟೋ, ಹೆಸರು, ವಿಳಾಸ ಯಾರೂ ಹಂಚಬಾರದು. ನಾಳೆ ಈ ಹುಡುಗ ಶಾಲೆಗೆ ಹೋದಾಗ, ನಿನ್ನ ಕೈಗೆ ನಾವು ದುಡ್ಡು ಕೊಟ್ಟಿದ್ದು ಎಂದು ಯಾರೂ ಹೇಳಬಾರದು. ಕೊಟ್ಟದ್ದನ್ನು ಎತ್ತಿ ಆಡಿ ನೋಯಿಸಿದರೆ ದಾನವೇ ನಷ್ಟವಾಗುತ್ತದೆಂದು ಸೂರಃ ಅಲ್ ಬಕರಃದಲ್ಲಿ ಅಲ್ಲಾಹನು ಎಚ್ಚರಿಸಿದ್ದಾನೆ. ನಾವು ಹೆಸರು ಹೇಳದಿರುವುದಕ್ಕೆ ಕಾರಣ ಇದೇ.

ಹಣ ಹೆಚ್ಚು ಬಂದರೆ? 2021ರಲ್ಲಿ ಕೇರಳದ ಕಣ್ಣೂರು ಜಿಲ್ಲೆಯ ಮಾಟ್ಟೂಲಿನ ಒಂದು ಮಗುವಿನ ಔಷಧಕ್ಕೆ 18 ಕೋಟಿ ಬೇಕಾಗಿತ್ತು. ಕೆಲವೇ ದಿನಗಳಲ್ಲಿ 46 ಕೋಟಿಗೂ ಹೆಚ್ಚು ಬಂತು. ಅಲ್ಲಿನ ಸಮಿತಿ ಸಾಕು ಎಂದು ಹೇಳಿ ನಿಲ್ಲಿಸಿತು, ಉಳಿದದ್ದನ್ನು ಅದೇ ಕಾಯಿಲೆಯ ಬೇರೆ ಮಕ್ಕಳಿಗೆಂದು ತೆಗೆದಿಟ್ಟಿತು. ನಮ್ಮದು ಸಣ್ಣ ಮೊತ್ತ, ನಿಯಮ ಅದೇ. 2,60,000 ಆದ ದಿನ ಸಂಗ್ರಹ ನಿಲ್ಲಿಸುತ್ತೇವೆ. ಸರಕಾರದ ನೆರವು ಬಂದು ಹಣ ಉಳಿದರೆ ಇನ್ನೊಂದು ಬಡ ಮಗುವಿನ ಚಿಕಿತ್ಸೆಗೆ ಹೋಗುತ್ತದೆ, ಆ ಮಗು ಯಾವ ಧರ್ಮದ್ದಾದರೂ ಸರಿ, ಝಕಾತ್‌ನ ಭಾಗವನ್ನು ಮಾತ್ರ ಅದರ ಹಕ್ಕುದಾರರಿಗೇ ಕೊಡುತ್ತೇವೆ. ಇದು ಒಪ್ಪಿಗೆ ಇಲ್ಲದವರು ಈಗಲೇ ತಿಳಿಸಬಹುದು.

ಮುಂದಿನ ಜುಮಾ

ಮುಂದಿನ ಶುಕ್ರವಾರ ತುಮಕೂರು, ಗುಬ್ಬಿ, ಕುಣಿಗಲ್ ಮೂರೂ ಕಡೆ ಒಪ್ಪಿಕೊಂಡಿರುವ ಮಸೀದಿಗಳ ಬಾಗಿಲಲ್ಲಿ ಚಾದರ ಹಾಸಲಾಗುತ್ತದೆ. ನಮಾಝ್ ಮುಗಿದ ಮೇಲೆ ಎಲ್ಲರ ಮುಂದೆಯೇ ಎಣಿಸಿ, ಮೊತ್ತವನ್ನು ಬೋರ್ಡಿನ ಮೇಲೆ ಬರೆಯುತ್ತೇವೆ. ಕೊಡಲಾಗದವರು ಬೇಸರಪಡಬೇಡಿ. ಬೆಂಗಳೂರಿನಲ್ಲಿ ಆ ತಾಯಿ ಉಳಿಯಲು ಒಂದು ಕೋಣೆ ಬೇಕು. ತಂದೆ ಆಸ್ಪತ್ರೆಯಲ್ಲಿರುವ ದಿನಗಳಲ್ಲಿ ಅವರ ಆಟೋ ಓಡಿಸಿ ಬಾಡಿಗೆ ಕಟ್ಟುವ ಒಬ್ಬರು ಬೇಕು. ರಕ್ತ ಬೇಕಾದರೆ ಕೊಡುವವರು ಬೇಕು. ಅದೂ ಸದಖಾವೇ.

ವಿಶ್ವಾಸಿಗಳು ಒಂದೇ ದೇಹದಂತೆ, ಒಂದು ಅಂಗ ನೊಂದರೆ ಇಡೀ ದೇಹ ನಿದ್ದೆಗೆಡುತ್ತದೆ ಎಂದು ನಾವು ಓದಿದ್ದೇವೆ. ಈ ಸಲ ನೊಂದಿರುವುದು ಒಂದು ಪುಟ್ಟ ತೋಳು. ನಲವತ್ತು ದಿನದ ಮಗು ನಮ್ಮ ಬಳಿ ಬಂದ ರಾತ್ರಿ ನಾವು ನಿದ್ದೆಗೆಡಲಿಲ್ಲ. ಆ ಲೆಕ್ಕ ನಮ್ಮ ಮೇಲಿದೆ. ಅದನ್ನು ತೀರಿಸಲು ನಿಮ್ಮ ಸಹಾಯ ಕೇಳುತ್ತಿದ್ದೇವೆ.

ಯಾ ಅಲ್ಲಾಹ್, ಈ ಮಗುವಿಗೆ ಶಿಫಾ ನೀಡು. ಶಸ್ತ್ರಚಿಕಿತ್ಸೆ ಮಾಡುವ ಕೈಗಳಿಗೆ ಸ್ಥಿರತೆ ನೀಡು. ಆ ತಾಯಿಯ ಮನಸ್ಸಿನ ಭಾರ ಇಳಿಸು. ಕೊಡುವವರ ಸಂಪಾದನೆಯಲ್ಲಿ ಬರಕತ್ ಕೊಡು, ಹಣ ಹಿಡಿಯುವ ನಮ್ಮ ಕೈಗಳನ್ನು ಖಿಯಾನತ್‌ನಿಂದ ಕಾಪಾಡು. ನಮ್ಮ ಅಲಕ್ಷ್ಯವನ್ನು ಕ್ಷಮಿಸು. ಈ ಮಗು ತನ್ನ ಎರಡೂ ಕೈ ಎತ್ತಿ ನಿನ್ನಲ್ಲಿ ಬೇಡುವ ದಿನವನ್ನು ಅದರ ತಂದೆತಾಯಿಗೂ ನಮಗೂ ತೋರಿಸು. ಆಮೀನ್.